ಕರಾವಳಿಯ ಬಸದಿ, ಕಡಲತೀರ: ದುರ್ಗದ ಕಡೆಯ ಕುಟುಂಬಗಳಿಗೆ ಪ್ರವಾಸ ಮಾಹಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜೈನ ಕುಟುಂಬಗಳು ಮಕ್ಕಳಿಗೆ ರಜೆ ಬಂದಾಗ ಕಾರ್ಕಳ, ಮೂಡುಬಿದಿರೆಯ ದರ್ಶನ ಮಾಡಿ, ಹಾಗೆಯೇ ಸಮುದ್ರವನ್ನೂ ನೋಡಿ ಬರುವ ಆಸೆ ಇಟ್ಟುಕೊಳ್ಳುವುದು ಸಹಜ. ಬೆಳಗಿನ ಜಾವ ಹೊರಟು ಅದೇ ರಾತ್ರಿ ಮನೆ ಸೇರುವ ಲೆಕ್ಕ ಹಾಕುವವರೂ ಇದ್ದಾರೆ. ಆದರೆ ದುರ್ಗದಿಂದ ಕಾರ್ಕಳಕ್ಕೆ ಸುಮಾರು 250 ಕಿ.ಮೀ. ಇದೆ. ಹಿರಿಯೂರಿನವರು ಇನ್ನೊಂದು 40 ಕಿ.ಮೀ. ಸೇರಿಸಿಕೊಳ್ಳಬೇಕು. ಘಾಟಿ ದಾರಿ ಬೇರೆ. ಹೋಗಿ ಬರುವುದಕ್ಕೇ ಹನ್ನೆರಡು ಗಂಟೆ ಬೇಕು.

ಈ ಅವಸರದ ಪ್ರವಾಸದಲ್ಲಿ ಕಷ್ಟಪಡುವವರು ರಾತ್ರಿ ಭೋಜನ ತ್ಯಾಗ ಮಾಡಿದ ಹಿರಿಯರು. ಸೂರ್ಯ ಮುಳುಗುವುದನ್ನು ನೋಡದೆ ಮಕ್ಕಳು ದಡ ಬಿಟ್ಟು ಏಳುವುದಿಲ್ಲ, ಮುಳುಗಿದ ಮೇಲೆ ಅಜ್ಜ ಅಜ್ಜಿ ಉಣ್ಣುವುದಿಲ್ಲ. ಮಧ್ಯಾಹ್ನ ಎಲ್ಲೋ ಅರೆಬರೆ ಉಂಡವರು ಹಸಿದುಕೊಂಡೇ ರಾತ್ರಿಯೆಲ್ಲ ಕಾರಿನಲ್ಲಿ ಕೂರಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಸೂರ್ಯಾಸ್ತದ ಸಮಯವನ್ನು ಮೊದಲು ಬರೆದಿಟ್ಟುಕೊಂಡು, ಉಳಿದ ವೇಳೆಯನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಉಡುಪಿ ಕಡೆ ಡಿಸೆಂಬರ್‌ನಲ್ಲಿ ಸೂರ್ಯ ಸಂಜೆ 6 ದಾಟಿದ ಸ್ವಲ್ಪ ಹೊತ್ತಿಗೇ ಮುಳುಗುತ್ತಾನೆ, ಮೇ ತಿಂಗಳಲ್ಲಿ 6.50ರ ಸುಮಾರಿಗೆ. ಎರಡು ಘಳಿಗೆ ಮೊದಲೇ ಊಟ ಮುಗಿಸುವ ಕ್ರಮ ಇರುವವರು 48 ನಿಮಿಷ ಕಳೆದುಕೊಳ್ಳಬೇಕು. ಅಂದರೆ ಡಿಸೆಂಬರ್‌ನಲ್ಲಿ 5 ಗಂಟೆಯ ಒಳಗೆ ಬುತ್ತಿ ಬಿಚ್ಚಿದರೆ ನಿಶ್ಚಿಂತೆ.

ಹಿಂದಿನ ದಿನ ಮಧ್ಯಾಹ್ನವೇ ಹೊರಟು ಹೊಂಬುಜದಲ್ಲಿ (ಹುಂಚ) ತಂಗುವುದು ಅನುಕೂಲ. ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ ಮೇಲೆ ದಾರಿ. ಹೊಸದುರ್ಗದವರು ಅಜ್ಜಂಪುರ, ತರೀಕೆರೆ ಮೇಲೂ ಶಿವಮೊಗ್ಗ ಸೇರಬಹುದು. ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ದರ್ಶನದ ಜೊತೆಗೆ, ಸಾಂತರರ ಕಾಲದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯನ್ನು ಬಿಡದೆ ನೋಡಬೇಕು. ವಸತಿಗೆ, ಊಟಕ್ಕೆ ಮಠಕ್ಕೆ ಮೊದಲೇ ಫೋನ್ ಮಾಡಿ ಎಷ್ಟು ಜನ ಎಂದು ಹೇಳಿರಬೇಕು. ಸಂಜೆಯೂಟಕ್ಕೆ ಎಷ್ಟು ಗಂಟೆಯೊಳಗೆ ಬರಬೇಕು ಎಂದೂ ಕೇಳಿಕೊಳ್ಳಿ.

ಮರುದಿನ ಬೆಳಿಗ್ಗೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾರಿ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ, ದೊಡ್ಡ ವಾಹನಗಳಿಗೆ ನಿರ್ಬಂಧ ಇರುತ್ತದೆ. ನಾಲ್ಕೈದು ಮನೆಯವರು ಸೇರಿ ದೊಡ್ಡ ಬಸ್ಸು ಮಾಡಿಕೊಂಡು ಹೋಗುವ ಯೋಚನೆ ಇದ್ದರೆ ಮೊದಲೇ ವಿಚಾರಿಸಬೇಕು. ಹೆಬ್ರಿಯಿಂದ ಕಾರ್ಕಳದ ದಾರಿಯಲ್ಲೇ ವರಂಗ ಸಿಗುತ್ತದೆ. ಕೆರೆಯ ನಡುವೆ ಇರುವ ಬಸದಿಗೆ ದೋಣಿಯಲ್ಲೇ ಹೋಗಬೇಕು. ಮಕ್ಕಳು ಸಮುದ್ರಕ್ಕಿಂತ ಇದನ್ನೇ ಹೆಚ್ಚು ನೆನಪಿಟ್ಟುಕೊಂಡರೆ ಆಶ್ಚರ್ಯವಿಲ್ಲ.

ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿಬಿಡಬೇಕು. ಬರಿಗಾಲಿಗೆ ಕಾದ ಬಂಡೆ ತಡೆಯುವುದಿಲ್ಲ. 42 ಅಡಿಯ ಈ ಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯ ಪ್ರತಿಷ್ಠಾಪಿಸಿದ. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ ಇದೆ. ನಾಲ್ಕು ಬಾಗಿಲಲ್ಲಿ ಯಾವುದರಿಂದ ಒಳಗೆ ಹೋದರೂ ಅರನಾಥ, ಮಲ್ಲಿನಾಥ, ಮುನಿಸುವ್ರತ ತೀರ್ಥಂಕರರ ದರ್ಶನವಾಗುತ್ತದೆ.

ಮಧ್ಯಾಹ್ನದ ಊಟವಾದ ಮೇಲೆ ಕಾಪು ಕಡಲತೀರಕ್ಕೆ ಹೋಗಬಹುದು. ಬಂಡೆಯ ಮೇಲಿನ ದೀಪಸ್ತಂಭ 1901ರದು. ಮಲ್ಪೆ ಹೆಸರುವಾಸಿ ಹೌದು, ಸೇಂಟ್ ಮೇರಿಸ್ ದ್ವೀಪದ ದೋಣಿಯೂ ಅಲ್ಲಿಂದಲೇ. ಆದರೆ ಅದು ದೊಡ್ಡ ಮೀನುಗಾರಿಕೆ ಬಂದರು, ಆ ವಾಸನೆಗೆ ನಮ್ಮ ಹಿರಿಯರು ಮುಖ ಕಿವುಚಿದರೆ ತಪ್ಪು ತಿಳಿಯಬಾರದು. ದ್ವೀಪ ನೋಡಲೇಬೇಕೆಂದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಆ ದೋಣಿ ಇರುವುದಿಲ್ಲ, ಆಗ ಯಾವ ತೀರದಲ್ಲೂ ನೀರಿಗಿಳಿಯುವುದು ಬೇಡ. ಉಳಿದ ಕಾಲದಲ್ಲೂ ಕೆಂಪು ಬಾವುಟ ಇದ್ದರೆ ದಡದಲ್ಲೇ ಇರಬೇಕು.

ದಡದ ಅಂಗಡಿಗಳನ್ನು ನಂಬಿಕೊಳ್ಳಬಾರದು. ಈರುಳ್ಳಿ ಬೇಡವೆಂದರೂ ಪಲ್ಯದಲ್ಲಿ ಆಲೂಗಡ್ಡೆ ಇದ್ದೇ ಇರುತ್ತದೆ. ಚಪಾತಿ, ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ, ಸೋಸಿದ ನೀರು ಮನೆಯಿಂದಲೇ ಇರಲಿ. ಹಿರಿಯರು ಮೊದಲು ಊಟ ಮಾಡಿ, ಆಮೇಲೆ ಎಲ್ಲರೂ ಕೂತು ಸೂರ್ಯಾಸ್ತ ನೋಡಬಹುದು, ಯಾರಿಗೂ ಅವಸರವಿಲ್ಲ. ಮಕ್ಕಳು ಆರಿಸುವ ಚಿಪ್ಪುಗಳಲ್ಲಿ ಎಷ್ಟೋ ಸಲ ಜೀವ ಇರುತ್ತದೆ, ಸಣ್ಣ ಏಡಿಗಳು ಖಾಲಿ ಚಿಪ್ಪಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ನೋಡಿ ಅಲ್ಲೇ ಬಿಡಲು ಹೇಳಬೇಕು.

ರಾತ್ರಿ ಘಾಟಿ ಹತ್ತುವ ಸಾಹಸ ಮಾಡದೆ ಮೂಡುಬಿದಿರೆಯಲ್ಲಿ ಉಳಿದರೆ, ಬೆಳಿಗ್ಗೆ 1430ರ ಸಾವಿರ ಕಂಬದ ಬಸದಿ, ಸಿದ್ಧಾಂತ ಬಸದಿ ನೋಡಲು ಸಾವಕಾಶವಾಗುತ್ತದೆ. ಊರಿನಲ್ಲಿ ಒಟ್ಟು 18 ಬಸದಿಗಳಿವೆ. ಚೌಟರ ಅರಮನೆಯ ಕೆತ್ತನೆ ಕಂಬಗಳನ್ನು ಮಕ್ಕಳಿಗೆ ತೋರಿಸಿ. ಪೋರ್ಚುಗೀಸರ ವಿರುದ್ಧ ಹೋರಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಜೈನ ಮನೆತನದವಳು.

ಒಂದೇ ದಿನ ರಜೆ ಇರುವವರಿಗೆ ನಮ್ಮ ಜಿಲ್ಲೆಯೇ ಸಾಕು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಅಲ್ಲಿಂದ ಹಿರಿಯೂರು ಬಳಿಯ ವಾಣಿವಿಲಾಸ ಸಾಗರಕ್ಕೆ ಬರಬಹುದು. 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತುಂಬಿದ ವರ್ಷ ಹೋದರೆ ಮಕ್ಕಳು ಇದನ್ನೇ ಸಮುದ್ರ ಅನ್ನುತ್ತಾರೆ, ಸಂಜೆಯೂಟಕ್ಕೆ ಮನೆಗೂ ಬರಬಹುದು.