ಗುಳಿಗೆ ಬಂದಾಗ ಮೂಲೆ ಸೇರಿದ ಬೆಳಕು

ಜ್ವರ ಬಂದರೆ ಎರಡು ಗುಳಿಗೆ, ಗಾಯ ಕೀವು ಕಟ್ಟಿದರೆ ಇನ್ನೆರಡು ಗುಳಿಗೆ. ನಮ್ಮ ಊರುಗಳಲ್ಲಿ ಆಂಟಿಬಯಾಟಿಕ್ ಅಷ್ಟು ಸಲೀಸಾಗಿಬಿಟ್ಟಿದೆ. ಆದರೆ ಈ ಗುಳಿಗೆಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಈಗ ಎಲ್ಲ ದೇಶಗಳಲ್ಲೂ ಇವೆ. 2019ರ ಒಂದೇ ವರ್ಷದಲ್ಲಿ ಇಂಥ ಸೋಂಕು ನೇರವಾಗಿ ಸುಮಾರು 12.7 ಲಕ್ಷ ಜನರ ಜೀವ ತೆಗೆಯಿತು ಎಂಬ ಅಂದಾಜು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಬೇರೆ ದಾರಿ ಹುಡುಕುತ್ತಿರುವ ವಿಜ್ಞಾನಿಗಳು ನೂರು ವರ್ಷಕ್ಕೂ ಹಳೆಯದಾದ ಒಂದು ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಅದು ಬೆಳಕಿನ ಚಿಕಿತ್ಸೆ. ಅದರ ಕಥೆಯನ್ನು ಇವತ್ತು ನೋಡೋಣ.

ಮದ್ದಿಗೆ ಬಿಸಿಲನ್ನು ಜೊತೆ ಮಾಡುವುದು ನಮಗೆ ಹೊಸದಲ್ಲ. ತೊನ್ನಿಗೆ ಬಾವಂಚಿ ಬೀಜದ ಮದ್ದು ಹಚ್ಚಿ ಬಿಸಿಲಿಗೆ ಒಡ್ಡುವುದು ಆಯುರ್ವೇದದಲ್ಲಿ ಬಹಳ ಹಿಂದಿನಿಂದ ಇದೆ. ಬೆಳಕಿನಿಂದ ಸೋಂಕನ್ನೇ ಗುಣಪಡಿಸಲು ಹೊರಟವರಲ್ಲಿ ಹೆಸರಾದವರು ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್. 1890ರ ದಶಕದಲ್ಲಿ ಅವರು ಚರ್ಮದ ಕ್ಷಯಕ್ಕೆ ಪ್ರಖರವಾದ ದೀಪದ ಬೆಳಕಿನಿಂದ ಚಿಕಿತ್ಸೆ ಕೊಟ್ಟರು. ಅದಕ್ಕಾಗಿ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅದೇ ಕಾಲದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ನೀರಿನಲ್ಲಿರುವ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗಳ ಮೇಲೆ ಅಕ್ರಿಡಿನ್ ಎಂಬ ರಾಸಾಯನಿಕ ಬಿಟ್ಟು, ಅವು ಸಾಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಇಡುತ್ತಿದ್ದರು. ಲೆಕ್ಕ ಒಂದು ದಿನಕ್ಕೆ ಒಂದು ರೀತಿ ಬರುತ್ತಿತ್ತು. ಮದ್ದು ಅದೇ, ಅಳತೆ ಅದೇ. ಹಾಗಾದರೆ ಬದಲಾದದ್ದೇನು? ಕೋಣೆಯೊಳಗಿನ ಬೆಳಕು! ಬೆಳಕು ಚೆನ್ನಾಗಿದ್ದಾಗ ಅವು ಬೇಗ ಸಾಯುತ್ತಿದ್ದವು, ಮಬ್ಬಿದ್ದಾಗ ಬದುಕಿರುತ್ತಿದ್ದವು. ರಾಬ್ ಇದನ್ನು 1900ರಲ್ಲಿ ಪ್ರಕಟಿಸಿದರು. ಬೆಳಕು ಮತ್ತು ರಾಸಾಯನಿಕದ ಜೊತೆ ಆಮ್ಲಜನಕವೂ ಬೇಕು ಎಂಬುದನ್ನು ಅವರ ಗುರು ಹರ್ಮನ್ ಫಾನ್ ಟಾಪೈನರ್ ಮತ್ತು ಸಂಗಡಿಗರು ಮುಂದೆ ತೋರಿಸಿದರು.

ಇದು ಕೆಲಸ ಮಾಡುವ ಬಗೆ ಹೀಗಿದೆ. ಸೋಂಕಿರುವ ಜಾಗಕ್ಕೆ ಒಂದು ಬಣ್ಣದ ಮದ್ದು ಹಚ್ಚುತ್ತಾರೆ. ಅದು ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಬಣ್ಣಕ್ಕೆ ಹೊಂದುವ ಬೆಳಕು ಬಿಡುತ್ತಾರೆ. ಬಣ್ಣ ಬೆಳಕಿನ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆ ಆಮ್ಲಜನಕ ಕ್ಷಣಮಾತ್ರದಲ್ಲಿ ಬ್ಯಾಕ್ಟೀರಿಯಾವನ್ನು ಹಾಳುಮಾಡುತ್ತದೆ. ಆಂಟಿಬಯಾಟಿಕ್ ಸಾಮಾನ್ಯವಾಗಿ ಒಂದು ಬೀಗಕ್ಕೆ ಹೊಂದುವ ಕೀಲಿಯಂತೆ. ಬ್ಯಾಕ್ಟೀರಿಯಾ ಬೀಗ ಬದಲಿಸಿದರೆ ಕೀಲಿ ವ್ಯರ್ಥ. ಈ ಆಮ್ಲಜನಕ ಬೀಗದ ಗೊಡವೆಗೇ ಹೋಗುವುದಿಲ್ಲ, ಬಾಗಿಲು, ಗೋಡೆ, ಸೂರು ಎಲ್ಲಕ್ಕೂ ಬೆಂಕಿ ಇಡುತ್ತದೆ. ಹಾಗಾಗಿ ಇದನ್ನು ತಡೆದುಕೊಳ್ಳಲು ಕಲಿಯುವುದು ಬ್ಯಾಕ್ಟೀರಿಯಾಕ್ಕೆ ಕಷ್ಟ.

ಇಷ್ಟು ಒಳ್ಳೆಯದಾಗಿದ್ದರೆ ಇದು ಮೂಲೆ ಸೇರಿದ್ದೇಕೆ? 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. 1940ರ ದಶಕದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಒಂದು ಸೂಜಿ ಚುಚ್ಚಿದರೆ ಮದ್ದು ರಕ್ತದ ಜೊತೆ ಮೈಯೆಲ್ಲ ಸುತ್ತುವಾಗ, ದೀಪ ಹಿಡಿದು ಕೂರುವವರು ಯಾರು? ಆದರೆ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು: ಪೆನಿಸಿಲಿನ್ ಸಾಲದಷ್ಟು ತೆಗೆದುಕೊಂಡರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅದನ್ನು ಎದುರಿಸಲು ಕಲಿಯುತ್ತದೆ. ಆ ಮಾತು ನಿಜವಾಯಿತು.

1990ರ ದಶಕದಲ್ಲಿ ಹಳೆಯ ವಿದ್ಯೆಗೆ ಮತ್ತೆ ಜೀವ ಬಂತು. ಲಂಡನ್ನಿನ ಈಸ್ಟ್‌ಮನ್ ದಂತ ಸಂಸ್ಥೆಯಲ್ಲಿ ಮೈಕೆಲ್ ವಿಲ್ಸನ್ ಅವರ ತಂಡ ಬಾಯಿಯ ಬ್ಯಾಕ್ಟೀರಿಯಾಗಳ ಮೇಲೆ ಇದನ್ನು ಪರೀಕ್ಷಿಸಿತು. ಕೆಲವು ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪದರ ಇರುವುದರಿಂದ ಬಣ್ಣ ಒಳಗೆ ಇಳಿಯುತ್ತಿರಲಿಲ್ಲ. ಧನ ವಿದ್ಯುದಂಶವಿರುವ ಬಣ್ಣಗಳು ಆ ಪದರಕ್ಕೆ ಅಂಟಿಕೊಂಡು ಕೆಲಸ ಮಾಡುತ್ತವೆ ಎಂಬುದು ಆಮೇಲೆ ತಿಳಿಯಿತು. ಕೆನಡಾದ ವ್ಯಾಂಕೂವರ್ ಜನರಲ್ ಆಸ್ಪತ್ರೆಯಲ್ಲಿ 2011ರಿಂದ ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಮೂಗಿನೊಳಗೆ ಮಿಥಿಲೀನ್ ಬ್ಲೂ ಹಚ್ಚಿ, ಕೆಂಪು ಬೆಳಕು ಬಿಟ್ಟು ಬ್ಯಾಕ್ಟೀರಿಯಾ ಕಡಿಮೆ ಮಾಡುವ ಪ್ರಯೋಗ ನಡೆಯಿತು. ಆಪರೇಷನ್ ಗಾಯಕ್ಕೆ ಸೋಂಕು ತಗಲುವುದು ಇಳಿಯಿತೆಂದು ಅಲ್ಲಿನ ವೈದ್ಯರು ವರದಿ ಮಾಡಿದರು.

ಹಾಗೆಂದು ಗುಳಿಗೆಯ ಜಾಗಕ್ಕೆ ಬೆಳಕು ಬಂದುಬಿಟ್ಟಿತು ಅಂತಲ್ಲ. ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಹುಣ್ಣು, ವಸಡು, ಸುಟ್ಟ ಗಾಯ, ಮೂಗಿನಂಥ ಕಡೆ ಇದರಿಂದ ಉಪಯೋಗ ಸಿಗಬಹುದು. ರಕ್ತಕ್ಕೆ ಇಳಿದ ನಂಜಿಗೆ, ಎಳೆ ಕೂಸಿನ ನ್ಯುಮೋನಿಯಾಕ್ಕೆ ಇವತ್ತಿಗೂ ಆಂಟಿಬಯಾಟಿಕ್ಕೇ ಗತಿ. ಬಣ್ಣ, ಬಿಸಿಲು ಎಂದು ಮನೆಯಲ್ಲೇ ಪ್ರಯೋಗಕ್ಕೆ ಇಳಿಯುವುದಂತೂ ಬೇಡ, ಚರ್ಮ ಸುಟ್ಟೀತು.

ನೂರು ವರ್ಷದ ಈ ಕಥೆಯಿಂದ ನಮಗೆ ತಿಳಿಯುವುದು ಇಷ್ಟು: ಸುಲಭದ ಮದ್ದು ಸಿಕ್ಕಾಗ ಅದರ ಬೆಲೆ ಮರೆತೆವು. ಕೋಳಿ, ದನಗಳಿಗೂ ಬೇಕಾಬಿಟ್ಟಿ ಕೊಟ್ಟೆವು. ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಮದ್ದನ್ನು ಸಾಕುಪ್ರಾಣಿಗಳಿಗೆ ಬಳಸದಂತೆ 2019ರಲ್ಲಿ ಸರ್ಕಾರವೇ ನಿಷೇಧಿಸಬೇಕಾಯಿತು. ಬೆಳಕಿನ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಗೆ ಬರುವವರೆಗೆ, ಬಂದ ಮೇಲೂ, ಇರುವ ಗುಳಿಗೆ ಕೆಲಸ ಮಾಡುತ್ತಿರಬೇಕು. ಆದ್ದರಿಂದ ನೆಗಡಿಗೆ ಆಂಟಿಬಯಾಟಿಕ್ ಕೇಳಬೇಡಿ, ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ, ಅವರು ಹೇಳಿದಷ್ಟು ದಿನ ತಪ್ಪದೆ ನುಂಗಿ.