ಶಿಶಿಕ್ಷು ತರಬೇತಿ (ಭಾರತದಲ್ಲಿ)

ಕಸುಬೊಂದನ್ನು ಅದು ನಡೆಯುವ ಜಾಗದಲ್ಲೇ, ಬಲ್ಲವರ ಕೈಕೆಳಗೆ, ಗೊತ್ತುಪಡಿಸಿದ ಅವಧಿಯವರೆಗೆ ದುಡಿಯುತ್ತ ಕಲಿಯುವ ಪದ್ಧತಿ. ಬಳಕೆಯ ಮಾತಿನಲ್ಲಿ ಅಪ್ರೆಂಟಿಸ್‌ಶಿಪ್. ಕಲಿಯುವವರಿಗೂ ಕಲಿಸುವವರಿಗೂ ನಡುವೆ ಕರಾರು ಇರುವುದು ಇದರ ಮುಖ್ಯ ಲಕ್ಷಣ. ಯುವಜನರ ನಿರುದ್ಯೋಗಕ್ಕೆ ಇದನ್ನೇ ಮದ್ದಾಗಿಸಲು ಭಾರತದ ಸರ್ಕಾರಗಳು ಹಲವು ಬಾರಿ ಯತ್ನಿಸಿವೆ. ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬೇಕು ಎಂಬುದರತ್ತ ಹರಿದಷ್ಟು ಗಮನ, ಸೇರಿದವರು ಕಲಿತು ಮುಗಿಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದರತ್ತ ಹರಿಯಲಿಲ್ಲ.

ಈ ಕರಾರು ಬಹಳ ಹಳೆಯದು. ಶಿಲ್ಪ ಕಲಿಯಲು ಬಂದವನನ್ನು ಸ್ಮೃತಿಗಳು ಅಂತೇವಾಸಿ ಎಂದು ಕರೆದು, ಕೂಲಿಯಾಳಿನಿಂದ ಬೇರೆಯಾಗಿಯೇ ಗುರುತಿಸುತ್ತವೆ. ಗುರು ಅವನಿಗೆ ತನ್ನ ಮನೆಯಲ್ಲೇ ಊಟ ಹಾಕಿ ಕಲಿಸಬೇಕು, ಮಗನಂತೆ ಕಾಣಬೇಕು, ಕಲಿಕೆಗೆ ಸಂಬಂಧವಿಲ್ಲದ ಚಾಕರಿ ಮಾಡಿಸಬಾರದು ಎನ್ನುತ್ತದೆ ನಾರದಸ್ಮೃತಿ. ಶಿಷ್ಯ ಬೇಗ ಕಲಿತರೂ ಒಪ್ಪಿದ ಅವಧಿ ಮುಗಿಯುವ ತನಕ ಅಲ್ಲೇ ಇರಬೇಕು. ಅಲ್ಲಿಯವರೆಗೆ ಅವನ ದುಡಿಮೆಯ ಫಲ ಗುರುವಿಗೆ ಸಲ್ಲುತ್ತದೆ ಎಂಬುದು ಯಾಜ್ಞವಲ್ಕ್ಯನ ನಿಯಮ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ಇದಕ್ಕೂ ವ್ಯಾಖ್ಯಾನ ಬರೆದಿದ್ದಾನೆ. ಇಬ್ಬರಿಗೂ ಹೊಣೆ ಹೊರಿಸಿದ ಕಟ್ಟಳೆಯೇನೋ ಸರಿ. ಆದರೆ ನಡೆದುಬಂದ ರೂಢಿಯಲ್ಲಿ ಕಸುಬು ಬಹುಪಾಲು ಮನೆತನದೊಳಗೆ, ಜಾತಿಯೊಳಗೆ ಉಳಿಯಿತು. ಹೊರಗಿನ ಹುಡುಗರಿಗೆ ಕುಲುಮೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಇನ್ನೂ ಕಷ್ಟ.

ಈ ತರಬೇತಿಯ ಕುರಿತು ಬ್ರಿಟಿಷ್ ಆಳ್ವಿಕೆಯ ಮೊದಲ ಶಾಸನ 1850ರದು. ಅದು ಹುಟ್ಟಿದ್ದು ಕೈಗಾರಿಕೆಯ ಅಗತ್ಯಕ್ಕಿಂತ ಹೆಚ್ಚಾಗಿ ಧರ್ಮಾರ್ಥದ ದೃಷ್ಟಿಯಿಂದ. ಅನಾಥರೂ ಬಡವರೂ ಆದ ಮಕ್ಕಳನ್ನು, ಅದರಲ್ಲೂ ಸಾರ್ವಜನಿಕ ದಾನದಿಂದ ಬೆಳೆದವರನ್ನು, ಹತ್ತು ವರ್ಷ ದಾಟಿದ ಮೇಲೆ ಕಸುಬುದಾರರ ಬಳಿ ಕರಾರಿನ ಮೇಲೆ ಬಿಡಲು ಅದು ಅವಕಾಶ ಕೊಟ್ಟಿತು. ಕರಾರಿನ ಗರಿಷ್ಠ ಅವಧಿ ಏಳು ವರ್ಷ. ಈ ಏಳು ವರ್ಷದ ಲೆಕ್ಕ ಇಂಗ್ಲೆಂಡಿನ 1563ರ ಕಸುಬುದಾರರ ಶಾಸನದಲ್ಲಿಯೂ ಇತ್ತು.

ಯಂತ್ರಯುಗದ ತರಬೇತಿಯನ್ನು ಭಾರತಕ್ಕೆ ತಂದದ್ದು ರೈಲ್ವೆ. ಬಿಹಾರದ ಜಮಾಲ್‌ಪುರದಲ್ಲಿ 1862ರಲ್ಲಿ ಆರಂಭವಾದ ವರ್ಕ್‌ಶಾಪ್ ಇದಕ್ಕೆ ಹೆಸರಾಯಿತು; ರೈಲ್ವೆಯ ಮೆಕ್ಯಾನಿಕಲ್ ಅಧಿಕಾರಿಗಳನ್ನು ಅಪ್ರೆಂಟಿಸ್‌ಗಳಾಗಿ ಆರಿಸಿ ತಯಾರು ಮಾಡುವ ವ್ಯವಸ್ಥೆ 1927ರಲ್ಲಿ ಶುರುವಾಯಿತು. ಎರಡನೆಯ ಮಹಾಯುದ್ಧದಲ್ಲಿ ಕುಶಲ ಕೆಲಸಗಾರರ ಕೊರತೆ ಬಿದ್ದಾಗ ತುರ್ತು ತರಬೇತಿ ಕೇಂದ್ರಗಳು ತೆರೆದವು. ಬ್ರಿಟನ್ನಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಹೆಸರಿನ ಯೋಜನೆಯಡಿ ಭಾರತದ ಯುವಕರು ಕೆಲಸ ಕಲಿಯಲು ಅಲ್ಲಿನ ಕಾರ್ಖಾನೆಗಳಿಗೂ ಹೋದರು. ಸ್ವಾತಂತ್ರ್ಯದ ನಂತರ, 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐಟಿಐಗಳು, ಬೆಳೆದದ್ದು ಅದರಿಂದ.

ಇಂದಿನ ವ್ಯವಸ್ಥೆಯ ತಳಪಾಯ 1961ರ ಶಿಶಿಕ್ಷು ಅಧಿನಿಯಮ. ನಿಗದಿತ ಕಸುಬುಗಳಲ್ಲಿ ಉದ್ಯಮಗಳು ಇಂತಿಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು, ಶಿಷ್ಯವೇತನ ಕೊಡಬೇಕು, ಕರಾರನ್ನು ನೋಂದಾಯಿಸಬೇಕು ಎಂದು ಅದು ವಿಧಿಸಿತು. ತಪ್ಪಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸವೂ ಸಾಧ್ಯವಿತ್ತು. ಫಿಟ್ಟರ್, ಟರ್ನರ್‌ನಂಥ ಕಸುಬುಗಳಿಂದ ಆರಂಭವಾದ ಕಾಯ್ದೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ, 1986ರದರಿಂದ ವೃತ್ತಿಶಿಕ್ಷಣದ ವಿದ್ಯಾರ್ಥಿಗಳಿಗೂ ಹಬ್ಬಿತು. ಎರಡು ವಿಧಿಗಳು ಮಾತ್ರ ಇಡೀ ಚರಿತ್ರೆಯ ಮೇಲೆ ನೆರಳು ಚಾಚಿವೆ. ಹದಿನೆಂಟನೆಯ ಕಲಮಿನ ಪ್ರಕಾರ ಶಿಶಿಕ್ಷು ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಸುರಕ್ಷತೆ, ಗಾಯದ ಪರಿಹಾರದಂಥ ಕೆಲವು ರಕ್ಷಣೆಗಳು ಇದ್ದವು, ಅಷ್ಟೇ. ಇಪ್ಪತ್ತೆರಡನೆಯ ಕಲಮಿನ ಪ್ರಕಾರ ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಬಾಧ್ಯತೆ ಮಾಲೀಕನಿಗಿರಲಿಲ್ಲ. ವರ್ಷಗಟ್ಟಲೆ ಯಂತ್ರದ ಮುಂದೆ ನಿಂತ ಯುವಕ ಒಂದು ಪ್ರಮಾಣಪತ್ರ ಹಿಡಿದು ಮತ್ತೆ ಅರ್ಜಿ ಹಾಕುವವರ ಸಾಲಿಗೆ ಬರಬೇಕಾಯಿತು.

ಕಾಯ್ದೆ ಸಫಲವಾಗಲು ಬೇಕಾದ ನೆಲ ಬೆಂಗಳೂರಿನಲ್ಲಿತ್ತು. ವಿಮಾನ ಕಾರ್ಖಾನೆ 1940ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನ ದೂರವಾಣಿ ಕಾರ್ಖಾನೆ 1948ರಲ್ಲಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದ ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಸ್ಥಾಪನೆಯಾದವು. ಅರವನ್ನು ನೇರ ಹಿಡಿಯುವುದರಿಂದ ಹಿಡಿದು ಅಳತೆಯ ಸೂಕ್ಷ್ಮದವರೆಗೆ ಕಲಿಸಬಲ್ಲ ನುರಿತವರು ಇಂಥ ಕಡೆ ಇದ್ದರು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಇಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ನಿಜವಾದ ಉತ್ಪಾದನೆ ನಡೆಯುವ ಕಡೆಯೇ ಟೂಲ್ ಅಂಡ್ ಡೈ ಕೆಲಸ ಕಲಿಸಿತು. ಅದರ ಶಾಖೆಗಳು ಈಗ ರಾಜ್ಯದ ಹಲವು ಊರುಗಳಲ್ಲಿವೆ. ಕಲಿಕೆಗೂ ಉತ್ಪಾದನೆಗೂ ಅಂತರ ಬೀಳದಂತೆ ನೋಡಿಕೊಂಡದ್ದೇ ಅದರ ಬಲ.

ನಿರುದ್ಯೋಗಕ್ಕೂ ಶಿಶಿಕ್ಷು ತರಬೇತಿಗೂ ರಾಜಕೀಯದ ನೇರ ನಂಟು ಬೆಳೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಇಂದಿರಾ ಗಾಂಧಿ 1975ರ ಜುಲೈ 1ರಂದು ಪ್ರಕಟಿಸಿದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ, ವಿಶೇಷವಾಗಿ ದುರ್ಬಲ ವರ್ಗದವರಿಗೆ ಉದ್ಯೋಗ ಮತ್ತು ತರಬೇತಿಯ ಅವಕಾಶ ಹೆಚ್ಚಿಸುವ ಹೊಸ ಶಿಶಿಕ್ಷು ಯೋಜನೆಯೂ ಒಂದಾಗಿತ್ತು. ತರಬೇತಿಯನ್ನೇ ಉದ್ಯೋಗವೆಂದು ಎಣಿಸುವ ಅಭ್ಯಾಸ ಆಗ ಬೇರುಬಿಟ್ಟಿತೆಂದು ಹೇಳಬಹುದು.

ತರಬೇತಿಯ ನಂತರದ ಪ್ರಶ್ನೆ ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಉತ್ತರ ಪ್ರದೇಶ ರಸ್ತೆ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಕೊಟ್ಟ ತೀರ್ಪು ಇಂದಿಗೂ ಆಧಾರ. ಉಳಿದೆಲ್ಲವೂ ಸಮವಾಗಿದ್ದರೆ, ನೇರ ನೇಮಕಾತಿಗೆ ಬಂದವರಿಗಿಂತ ತರಬೇತಾದ ಶಿಶಿಕ್ಷುವಿಗೆ ಆದ್ಯತೆ. ಉದ್ಯೋಗ ವಿನಿಮಯ ಕೇಂದ್ರ ಅವನ ಹೆಸರು ಕಳಿಸಿರಬೇಕಾಗಿಲ್ಲ. ಆದ್ಯತೆ ಸಿಕ್ಕಿತು, ಹಕ್ಕು ಸಿಗಲಿಲ್ಲ. ಆ ಅತೃಪ್ತಿ 2018ರ ಮಾರ್ಚ್ 20ರಂದು ಮುಂಬಯಿಯಲ್ಲಿ ಹಳಿಗಿಳಿಯಿತು. ರೈಲ್ವೆಯಲ್ಲಿ ತರಬೇತಿ ಮುಗಿಸಿದ ಯುವಕರು ಮಾಟುಂಗಾ ಮತ್ತು ದಾದರ್ ನಡುವೆ ಬೆಳಗಿನ ಹೊತ್ತು ಲೋಕಲ್ ರೈಲುಗಳನ್ನು ತಡೆದರು. ಕೆಳಹಂತದ ಹುದ್ದೆಗಳಲ್ಲಿ ಅವರಿಗೆ ಶೇ. 20 ಮೀಸಲಿತ್ತು, ಆ ಮಿತಿಯನ್ನು ತೆಗೆದುಹಾಕಬೇಕೆಂಬುದು ಅವರ ಬೇಡಿಕೆ. ಹುಬ್ಬಳ್ಳಿ, ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ತರಬೇತಿ ಪಡೆಯುವವರ ಮುಂದೆಯೂ ಇದೇ ಪ್ರಶ್ನೆಯಿದೆ.

ಕಾಯ್ದೆಯ ದೊಡ್ಡ ಬದಲಾವಣೆ ಬಂದದ್ದು 2014ರ ತಿದ್ದುಪಡಿಯಲ್ಲಿ. ಸೆರೆವಾಸದ ಶಿಕ್ಷೆ ಹೋಗಿ ದಂಡ ಉಳಿಯಿತು. ಉದ್ಯಮಗಳೇ ಗೊತ್ತುಮಾಡುವ ಐಚ್ಛಿಕ ಕಸುಬುಗಳಿಗೂ ಎಡೆಯಾಯಿತು. ತರಬೇತಾದವರ ನೇಮಕಾತಿಗೆ ಪ್ರತಿ ಮಾಲೀಕನೂ ತನ್ನದೇ ನೀತಿ ರೂಪಿಸಬೇಕೆಂದು ಇಪ್ಪತ್ತೆರಡನೆಯ ಕಲಮು ಬದಲಾಯಿತು. ನೀತಿ ಹೇಗಿರಬೇಕೆಂದು ಅದು ಹೇಳಲಿಲ್ಲ. ಕೇಂದ್ರ ಸರ್ಕಾರ 2016ರ ಆಗಸ್ಟ್‌ನಲ್ಲಿ 10,000 ಕೋಟಿ ರೂಪಾಯಿಯ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯನ್ನು ಜಾರಿಗೆ ತಂದು, ಶಿಷ್ಯವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ತಾನೇ ಭರಿಸತೊಡಗಿತು. ಆಗ ಸುಮಾರು 2.3 ಲಕ್ಷವಿದ್ದ ಸಂಖ್ಯೆಯನ್ನು 2020ರ ಹೊತ್ತಿಗೆ ಒಟ್ಟು 50 ಲಕ್ಷಕ್ಕೆ ಮುಟ್ಟಿಸುವ ಗುರಿ ಈಡೇರಲಿಲ್ಲ. ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಉದ್ಯಮಗಳು ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ಇಟ್ಟುಕೊಳ್ಳಬೇಕೆಂದೂ, ಕನಿಷ್ಠ ಶಿಷ್ಯವೇತನ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದೂ 2019ರ ನಿಯಮಗಳು ನಿಗದಿ ಮಾಡಿದವು. ಮನೆ ಬಿಟ್ಟು ಬೆಂಗಳೂರಿನಲ್ಲಿ ಕೋಣೆ ಹಿಡಿದು ಕಲಿಯುವವರಿಗೆ ಈ ಮೊತ್ತ ಸಾಲದು.

ನಾಲ್ಕರಿಂದ ಇಪ್ಪತ್ತೊಂಬತ್ತು ಮಂದಿ ಇರುವ ಘಟಕಗಳಿಗೆ ಶಿಶಿಕ್ಷುಗಳನ್ನು ಇಟ್ಟುಕೊಳ್ಳುವುದು ಐಚ್ಛಿಕ; ಅದಕ್ಕೂ ಚಿಕ್ಕವು ಲೆಕ್ಕದಿಂದಲೇ ಹೊರಗೆ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಮರಗೆಲಸದ ಮಳಿಗೆ, ಟೈಲರ್ ಅಂಗಡಿಗಳಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿರುವ ಅಸಂಖ್ಯ ತರುಣರು ಇರುವುದು ಇಲ್ಲೇ. ಅವರಿಗೆ ಕರಾರಿಲ್ಲ, ನೋಂದಣಿಯಿಲ್ಲ, ನಿಗದಿತ ಶಿಷ್ಯವೇತನವಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಹೀಗೆ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡಿದೆ. ಅದು ಕಲಿತು ಮುಗಿದ ಮೇಲಿನ ಮಾತು. ಕಲಿಯುವ ವರ್ಷಗಳಲ್ಲಿ ಹುಡುಗನಿಗೆ ಭದ್ರತೆಯನ್ನೂ ಕಲಿಸುವ ಮೇಸ್ತ್ರಿಗೆ ನೆರವನ್ನೂ ಕೊಡುವ ಕಾನೂನು ಇನ್ನೂ ಬಂದಿಲ್ಲ.