ಮಿಮೇಟೇಸ್

ಪೌಲನ ಪತ್ರಗಳಲ್ಲಿ ಕ್ರಿಸ್ತಶಿಷ್ಯನಿಗೆ ಸಿಗುವ ಒಂದು ಗ್ರೀಕ್ ಹೆಸರು ‘ಮಿಮೇಟೇಸ್’, ಅನುಕರಿಸುವವನು. ಅಣಕದಾಟದ ನಟನನ್ನು ಹೇಳುವ ‘ಮಿಮೋಸ್’ ಇದರದೇ ಬಳಗ. ಕನ್ನಡದಲ್ಲಿ ಅನುಕರಣೆಗೆ ನಕಲಿನ ವಾಸನೆ ಇರುವುದರಿಂದ ‘ಅನುಸರಿಸು’ ಎಂದು ಸುಮ್ಮನಾಗುತ್ತೇವೆ. ಆದರೆ ಸುವಾರ್ತೆಗಳಲ್ಲಿ ಅನುಸರಣೆಗೆ, ಅಂದರೆ ಹಿಂದೆ ನಡೆಯುವುದಕ್ಕೆ, ‘ಅಕೊಲೂಥೆಯೋ’ ಎಂಬ ಬೇರೆಯೇ ಕ್ರಿಯಾಪದವಿದೆ. ಹಿಂಬಾಲಕನಿಗೆ ಕಾಲು ಸಾಕು, ಮಿಮೇಟೇಸ್‌ಗೆ ಕೈಯೂ ಬೇಕು. 2 ಥೆಸಲೋನಿಕ 3ನೇ ಅಧ್ಯಾಯದಲ್ಲಿ ಪೌಲ ಅನುಕರಿಸಿರೆನ್ನುವುದು ತನ್ನ ಧ್ಯಾನವನ್ನಲ್ಲ, ಯಾರ ಅನ್ನವನ್ನೂ ಪುಕ್ಕಟೆ ತಿನ್ನದೆ ಹಗಲಿರುಳು ದುಡಿದದ್ದನ್ನು. ಅವನ ಕಸುಬು ಡೇರೆ ಕೆಲಸ; ಹುಟ್ಟೂರು ತಾರ್ಸವಿದ್ದ ಕಿಲಿಕ್ಯವೋ ಆಡಿನ ಕೂದಲಿನ ಒರಟು ಬಟ್ಟೆಗೆ ಹೆಸರಾದ ಸೀಮೆ. ಬೆಂಗಳೂರಿನ ರಾಜಾಜಿನಗರದ ಮಗ್ಗುಲಲ್ಲಿ ನಗರದೊಳಗೆ ಕರಗಿಹೋದ ಕುರುಬರಹಳ್ಳಿ ಯಾರ ಹೆಸರನ್ನು ಹೊತ್ತಿದೆಯೋ ಆ ಕುರುಬರಿಗೆ ಅನುಕರಿಸಿ ಕಸುಬು ಕಲಿಯುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಉಣ್ಣೆ ನೂಲುವುದು, ಹಾಸುನೂಲಿಗೆ ಗಂಜಿ ಹಚ್ಚುವುದು, ಕಂಬಳಿ ನೇಯುವುದು, ಎಲ್ಲವೂ ಹಿರಿಯರ ಕೈ ನೋಡಿಯೇ ಬಂದ ವಿದ್ಯೆ.

‘ನನ್ನನ್ನು ಅನುಕರಿಸಿ’ ಎನ್ನುವುದು ಅಹಂಕಾರವಲ್ಲವೇ? 1 ಕೊರಿಂಥ 11:1ರಲ್ಲಿ ಆ ಮಾತಿಗೆ ಕಡಿವಾಣವಿದೆ: ತಾನೂ ಕ್ರಿಸ್ತನನ್ನು ಅನುಕರಿಸುವವನೆಂದು ಪೌಲ ಅದೇ ಉಸಿರಿನಲ್ಲಿ ಸೇರಿಸುತ್ತಾನೆ. ಪ್ಲೇಟೊ ‘ರಿಪಬ್ಲಿಕ್’ನ 10ನೇ ಭಾಗದಲ್ಲಿ ಅನುಕರಣೆಯನ್ನು ಸತ್ಯದಿಂದ ದೂರವೆಂದು ತಳ್ಳಿದ್ದೂ ನಿಜ. ಆದರೆ ಅವನ ಶಿಷ್ಯ ಅರಿಸ್ಟಾಟಲ್, ಮನುಷ್ಯ ಮೊದಲು ಕಲಿಯುವುದೇ ಅನುಕರಣೆಯಿಂದ ಎಂದ. ಪೌಲನ ಬಳಕೆ ಈ ಕಡೆಗೇ ವಾಲುತ್ತದೆ. ಇನ್ನು, ಅನುಕರಣೆಯಲ್ಲಿ ತನ್ನತನ ಅಳಿಯುತ್ತದೆ ಎನ್ನುವವರು ಫಿಲಿಪ್ಪಿ 3:17 ನೋಡಬೇಕು. ಹೊಸ ಒಡಂಬಡಿಕೆಯಲ್ಲಿ ಒಮ್ಮೆ ಮಾತ್ರ ಬರುವ ‘ಸಿಮ್ಮಿಮೇಟೈ’ ಅಲ್ಲಿದೆ, ಕೂಡಿ ಅನುಕರಿಸುವವರು. ಒಬ್ಬಂಟಿ ನಕಲುಗಾರನಿಗೆ ಆ ಪದ ಒಗ್ಗುವುದಿಲ್ಲ.